ತಂತಿ ಮೀಟುವ ಮುನ್ನ

ಮನೆಯಲ್ಲೇ ವಾಲ್ವ್ ಗಿಟಾರ್ ಆಂಪ್ಲಿಫೈಯರ್ ಕಟ್ಟುವವರಿಗೆ ಬೆಸುಗೆ ಮುಗಿದ ಮೇಲೂ ಒಂದು ತೀರ್ಮಾನ ಬಾಕಿಯಿರುತ್ತದೆ. ಯಾರೂ ಗಿಟಾರ್ ಮೀಟದಿರುವಾಗ ಔಟ್‌ಪುಟ್ ವಾಲ್ವ್‌ಗಳಲ್ಲಿ ಎಷ್ಟು ಕರೆಂಟ್ ಹರಿಯುತ್ತಿರಬೇಕು? ಇದನ್ನು ಗೊತ್ತುಮಾಡುವುದೇ ಬಯಾಸ್ ಮಾಡುವುದು. ಕೆಲಸ ಚಿಕ್ಕದು, ಅದರೊಳಗಿನ ಪ್ರಶ್ನೆ ಮಾತ್ರ ಬಹಳ ಹಳೆಯದು: ಅತಿಯೂ ಅಲ್ಲದ, ಕೊರತೆಯೂ ಅಲ್ಲದ ನಡು ಎಲ್ಲಿದೆ?

ಅಂಗುತ್ತರ ನಿಕಾಯದಲ್ಲೂ ವಿನಯಪಿಟಕದಲ್ಲೂ ಸೋಣನೆಂಬ ಭಿಕ್ಷುವಿನ ಕಥೆ ಬರುತ್ತದೆ. ಸಿರಿವಂತರ ಮನೆಯ ಮಗ, ವೀಣೆಯಲ್ಲಿ ನುರಿತವನು. ರಾಜಗೃಹದ ಬಳಿಯ ಶೀತವನದಲ್ಲಿ ಅವನು ಅಂಗಾಲು ಒಡೆದು ರಕ್ತ ಸುರಿಯುವಷ್ಟು ಸಾಧನೆ ಮಾಡಿದ. ಫಲ ಕಾಣದೆ ಮನೆಗೆ ಮರಳುವ ಯೋಚನೆಯೂ ಬಂತು. ಬುದ್ಧ ಅವನಿಗೆ ಗೊತ್ತಿದ್ದ ವಿದ್ಯೆಯಿಂದಲೇ ಕೇಳಿದ: ತಂತಿ ತೀರ ಬಿಗಿದಾಗ ವೀಣೆ ನುಡಿಯುತ್ತಿತ್ತೆ? ತೀರ ಸಡಿಲವಾದಾಗ? ಎರಡಕ್ಕೂ ಇಲ್ಲವೆಂದ ಸೋಣ ತನ್ನ ಸಾಧನೆಯನ್ನೇ ಶ್ರುತಿ ಮಾಡಿಕೊಂಡ, ಮುಂದೆ ಅರಹಂತನಾದ.

ವಾಲ್ವ್‌ಗೂ ಎರಡು ತುದಿಗಳಿವೆ. ಜೋಡಿ ವಾಲ್ವ್‌ಗಳ ಆಂಪ್ಲಿಫೈಯರಿನಲ್ಲಿ ಒಂದು ಅಲೆಯ ಮೇಲರ್ಧವನ್ನು ಹೊತ್ತರೆ ಇನ್ನೊಂದು ಕೆಳಗಿನರ್ಧವನ್ನು ಹೊರುತ್ತದೆ. ಕರೆಂಟ್ ತೀರ ಕಡಿಮೆಯಾದರೆ ಕೈ ಬದಲಾಯಿಸುವ ಹೊತ್ತಿಗೆ ಇಬ್ಬರೂ ಬಿಟ್ಟಂತಾಗಿ ನಾದ ಒರಟಾಗುತ್ತದೆ. ಹೆಚ್ಚಾದರೆ ಪ್ಲೇಟ್ ಕೆಂಪಗೆ ಕಾದು ವಾಲ್ವ್ ಸಾಯುತ್ತದೆ, ಕೆಲವೊಮ್ಮೆ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಒಯ್ಯುತ್ತದೆ. ಇಎಲ್34 ವಾಲ್ವ್‌ನ ಪ್ಲೇಟ್ ತಾಳುವುದು 25 ವ್ಯಾಟ್. ಅದರ ಶೇ. 70ನ್ನು ಮೀರಬಾರದೆಂಬುದು ಕಟ್ಟುವವರ ರೂಢಿ. ಪ್ಲೇಟ್‌ನಲ್ಲಿ 450 ವೋಲ್ಟ್ ಇದ್ದರೆ ಸುಮಾರು 39 ಮಿಲಿಆಂಪ್. ಅಳೆಯುವಾಗ ಒಂದು ಕೈ ಜೇಬಿನಲ್ಲಿರಲಿ ಎಂದು ಬಲ್ಲವರು ಹೇಳುವುದನ್ನು ಹೊಸಬರು ಕಡೆಗಣಿಸಬಾರದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಕೊಲ್ಲುವಷ್ಟು ವಿದ್ಯುತ್ ಉಳಿದಿರಬಹುದು.

ನಡು ಎಂದರೆ ಅರ್ಧ ಅಲ್ಲ ಎಂಬುದನ್ನು ಗಮನಿಸಬೇಕು. ಅರಿಸ್ಟಾಟಲ್ ನೀತಿಶಾಸ್ತ್ರದಲ್ಲಿ ಇದನ್ನೇ ವಾದಿಸಿದ. ಹತ್ತು ಪಾಲು ಊಟ ಅತಿ, ಎರಡು ಪಾಲು ಕಡಿಮೆ ಎಂದ ಮಾತ್ರಕ್ಕೆ ಎಲ್ಲರಿಗೂ ಆರು ಪಾಲು ಬಡಿಸಲಾಗದು. ಕುಸ್ತಿಪಟು ಮಿಲೋಗೆ ಅದು ಸಾಲದು, ಗರಡಿಗೆ ಹೊಸದಾಗಿ ಬಂದವನಿಗೆ ಹೆಚ್ಚು. ವಾಲ್ವ್‌ಗಳೂ ಹಾಗೆಯೇ. ಒಂದೇ ಕಂಪನಿಯ, ಒಂದೇ ಹೆಸರಿನ ಎರಡು ವಾಲ್ವ್‌ಗಳಿಗೆ ಕರೆಂಟನ್ನು ಹಿಡಿತದಲ್ಲಿಡುವ ಗ್ರಿಡ್‌ಗೆ ಒಂದೇ ವೋಲ್ಟೇಜ್ ಕೊಟ್ಟರೂ ಎಳೆಯುವ ಕರೆಂಟ್ ಬೇರೆ. ಪುಸ್ತಕದ ಅಂಕಿ ದಾರಿ ತೋರಿಸೀತು, ಅಳೆಯುವುದು ತಪ್ಪದು.

ನಡುಹಾದಿ ಅಳುಕಿನವರ ಹಾದಿ, ಅಲ್ಲಿ ಉತ್ಕಟತೆಗೆ ಜಾಗವಿಲ್ಲ ಎಂಬ ಆಕ್ಷೇಪ ಇದೆ. ಆಂಪ್ಲಿಫೈಯರ್ ಅದಕ್ಕೆ ಗಟ್ಟಿ ಉತ್ತರ ಕೊಡುತ್ತದೆ. 1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಅವರ ಅಂಗಡಿಯವರು ಅಮೆರಿಕದ ಫೆಂಡರ್ ಬಾಸ್‌ಮನ್ ಅನ್ನು ಮಾದರಿಯಾಗಿಟ್ಟು ತಮ್ಮದೇ ಆಂಪ್ಲಿಫೈಯರ್ ಕಟ್ಟಿದರು. 1969ರ ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ಅಮೆರಿಕದ ರಾಷ್ಟ್ರಗೀತೆಯನ್ನು ಬಾಂಬುಗಳ ಚೀತ್ಕಾರವಾಗಿಸಿದ್ದು ಮಾರ್ಷಲ್‌ಗಳ ಮೂಲಕವೇ. ಬಯಾಸ್ ಎಂಬುದು ಸ್ವರವಿಲ್ಲದಾಗಿನ ನೆಲೆ. ಆ ನೆಲೆ ಸರಿಯಿದ್ದರೆ ಅಲೆ ಎರಡೂ ಕಡೆಗೆ ತನ್ನ ಮಿತಿ ಮುಟ್ಟಿ, ಒಡೆದು, ಕೂಗಬಲ್ಲದು. ಮಿತವಾಗಿರಬೇಕಾದದ್ದು ನಿಲುವು, ಹಾಡಲ್ಲ. ಸೋಣನ ವೀಣೆಯೂ ಶ್ರುತಿಗೊಂಡದ್ದು ಮೆಲ್ಲಗೆ ನುಡಿಯಲೆಂದಲ್ಲ.

ಈ ನಿಲುವನ್ನು ಕಾಯುವವರು ಯಾರು? ಇಎಲ್34 ವಾಲ್ವ್‌ಗಳಿರುವ ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ ಮನುಷ್ಯನೇ ಮತ್ತೆ ಮತ್ತೆ ಅಳೆದು ತಿದ್ದಬೇಕು. ಹಲವರು ಮೊದಲು ಕಟ್ಟುವ ಫೆಂಡರ್ ಚಾಂಪ್ 5ಎಫ್1ರಲ್ಲಿ ವ್ಯವಸ್ಥೆಯೇ ಬೇರೆ. ಅದರ ಒಂಟಿ 6ವಿ6 ವಾಲ್ವ್‌ನ ಕ್ಯಾಥೋಡ್‌ಗೆ 470 ಓಮ್‌ನ ರೆಸಿಸ್ಟರ್ ಇದೆ. ಕರೆಂಟ್ ಏರಿದರೆ ಕ್ಯಾಥೋಡ್ ವೋಲ್ಟೇಜ್ ಏರುತ್ತದೆ, ಅದರೆದುರು ಗ್ರಿಡ್ ಇನ್ನಷ್ಟು ಋಣವಾಗಿ ಕರೆಂಟನ್ನು ಇಳಿಸುತ್ತದೆ. ಮಾಡಿ ಮಾಡಿ ಅಭ್ಯಾಸವಾದಾಗಲೇ ಸದ್ಗುಣ ನೆಲೆಗೊಳ್ಳುತ್ತದೆ ಎಂದ ಅರಿಸ್ಟಾಟಲ್‌ಗೆ ಒಪ್ಪುವ ಯಂತ್ರ ಇದು. ಆದರೆ ಅಲ್ಲೂ ಆ 470 ಓಮ್‌ ಅನ್ನು ಒಮ್ಮೆ ಯಾರೋ ಕೂತು ಆರಿಸಲೇಬೇಕಾಯಿತು.