ಭಾರ ಯಾರದು, ಬೆನ್ನು ಯಾರದು?

ಹಗುರವಾಗಿ ಬದುಕಬೇಕೆಂಬ ಉಪದೇಶಕ್ಕೆ ನಮ್ಮಲ್ಲಿ ಬರವಿಲ್ಲ. ಪ್ರವಚನಗಳಲ್ಲಿ ಕೇಳುತ್ತೇವೆ, ಭಾನುವಾರದ ಪುರವಣಿಗಳಲ್ಲಿ ಓದುತ್ತೇವೆ. ವರ್ಷದಿಂದ ಕೈ ಮುಟ್ಟದ ವಸ್ತುವನ್ನು ಮನೆಯಿಂದ ಹೊರಗೆ ಹಾಕಿ ಎಂದು ಈಚೆಗೆ ಫೋನಿನಲ್ಲೂ ಯಾರಾದರೊಬ್ಬರು ಹೇಳುತ್ತಲೇ ಇರುತ್ತಾರೆ. ಕೇಳುವಾಗ ಹೌದೆನ್ನಿಸುತ್ತದೆ. ಆದರೆ ಹೀಗೆ ಉಪದೇಶ ಮಾಡುವವರು ಒಂದು ಮಾತನ್ನು ಹೇಳದೆ ಬಿಡುತ್ತಾರೆ. ನಾವು ಇಳಿಸಿದ ಭಾರ ಹೋಗುವುದೆಲ್ಲಿಗೆ? ನೆಲಕ್ಕೋ, ಇನ್ನೊಬ್ಬರ ಬೆನ್ನಿಗೋ?

2024ರ ಬೇಸಿಗೆ ರಜೆಯಲ್ಲಿ ನಾನೂ ನಮ್ಮವರೂ ಎರಡು ದೊಡ್ಡ ಕೆಲಸಗಳನ್ನು ಹಚ್ಚಿಕೊಂಡೆವು. ಒಂದು, ಕೇದಾರನಾಥದ ಬೆಟ್ಟವನ್ನು ನಡೆದೇ ಹತ್ತುವುದು. ಇನ್ನೊಂದು, ಚಿಕ್ಕಮಗಳೂರಿನಲ್ಲಿ ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದ ಮನೆಯನ್ನು ಖಾಲಿ ಮಾಡಿ, ಅದೇ ಊರಿನ ಇನ್ನೊಂದು ಬಡಾವಣೆಯಲ್ಲಿ ನಾವು ಕೊಂಡ ಪುಟ್ಟ ಮನೆಗೆ ಹೋಗುವುದು. ಎರಡನ್ನೂ ಒಂದೇ ರಜೆಗೆ ಯಾಕೆ ತುರುಕುತ್ತೀರಿ ಎಂದು ನನ್ನ ತಂಗಿ ಕೇಳಿದಳು. ಮೇಷ್ಟರ ಮನೆಯ ಕಷ್ಟ ಅವಳಿಗೆ ತಿಳಿಯದು. ಮದುವೆ, ಮುಂಜಿ, ಗೋಡೆಗೆ ಸುಣ್ಣ, ಹಲ್ಲು ಕೀಳಿಸುವುದು ಎಲ್ಲವೂ ನಮಗೆ ಏಪ್ರಿಲ್, ಮೇ ತಿಂಗಳಲ್ಲೇ ಆಗಬೇಕು. ಜೂನ್ ಬಂದರೆ ಶಾಲೆ, ಮಳೆ. ಅವುಗಳ ಹಿಂದೆಯೇ ಆಷಾಢ. ಆ ವರ್ಷ ಲೋಕಸಭೆಯ ಚುನಾವಣೆ ಬೇರೆ. ಏಪ್ರಿಲ್ 26ರ ಮತದಾನದ ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ರಜೆಯಲ್ಲಿ ಒಂದು ಪಾಲು ಕರಗಿಹೋಗಿತ್ತು.

ಬ್ಯಾಂಕಿನಿಂದ ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದ ನಮ್ಮವರಿಗೆ ಹೊಸ ಹುರುಪು. ಅಭ್ಯಾಸಕ್ಕೆಂದು ಭಾನುವಾರಗಳ ಮುಂಜಾನೆ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತುತ್ತಿದ್ದೆವು. 1,930 ಮೀಟರ್ ಎತ್ತರದ ಅದು ನಮ್ಮ ರಾಜ್ಯದಲ್ಲೇ ಎತ್ತರದ ಶಿಖರ. ಏರು ಶುರುವಾದ ಹತ್ತು ನಿಮಿಷಕ್ಕೇ ಬೆನ್ನಿನ ಚೀಲ ಮಾತಾಡತೊಡಗುತ್ತದೆ. ಎರಡನೆಯ ವಾರ ಛತ್ರಿ ಮನೆಯಲ್ಲಿ ಉಳಿಯಿತು, ಮೂರನೆಯ ವಾರ ಫ್ಲಾಸ್ಕು. ಆ ಉತ್ಸಾಹವನ್ನು ಇವರು ಮನೆಯೊಳಕ್ಕೂ ತಂದರು. "ನೋಡು, ಮನುಷ್ಯನಿಗೆ ಬೇಕಾದದ್ದು ಇಷ್ಟೇ" ಎಂದು ಆ ಚೀಲವನ್ನು ತೋರಿಸಿ, ಅಟ್ಟದ ಕಡೆ ಕಣ್ಣು ಹಾಯಿಸಿದರು. ಅಲ್ಲಿ ನಮ್ಮ ಅತ್ತೆಯವರ ಕಾಲದ ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಹಳೆಯ ಹಾಸಿಗೆ, ನನ್ನ ಬಿ.ಎಡ್. ಕಾಲದ ನೋಟ್ಸು ಎಲ್ಲ ಇದ್ದವು. "ಆ ಚೀಲದಲ್ಲಿ ಅಡಿಗೆಮನೆ ಇಲ್ಲವಲ್ಲ. ಹೋದಲ್ಲಿ ಯಾರೋ ಬೇಯಿಸಿ ಹಾಕ್ತಾರೆ ಅನ್ನೋ ಧೈರ್ಯಕ್ಕೆ ತಾನೇ ಅದು ಹಗುರ?" ಎಂದೆ. ತಮಾಷೆಗೆ ಆಡಿದ ಮಾತು. ಆದರೆ ಒಂದು ತಿಂಗಳೊಳಗೆ ಅದು ತಮಾಷೆಯಾಗಿ ಉಳಿಯಲಿಲ್ಲ.

ಗೌರೀಕುಂಡದಿಂದ ಕೇದಾರಕ್ಕೆ ಸುಮಾರು 16 ಕಿಲೋಮೀಟರ್ ನಡಿಗೆ. 2013ರ ಜೂನ್ ಪ್ರವಾಹದಲ್ಲಿ ರಾಮಬಾಡಾ ಎಂಬ ನಿಲುಗಡೆಯೇ ಕೊಚ್ಚಿಹೋದ ಮೇಲೆ ಹಾದಿಯ ಒಂದು ಭಾಗವನ್ನು ಮಂದಾಕಿನಿಯ ಆಚೆ ದಡಕ್ಕೆ ತಿರುಗಿಸಿದ್ದಾರೆ; ದೂರವೂ ಏರೂ ಹೆಚ್ಚಿವೆ. ದೇವಸ್ಥಾನವಿರುವುದು 3,583 ಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಅಂಥದ್ದೇ ಇನ್ನೊಂದು ಬೆಟ್ಟವನ್ನು ಹೆಚ್ಚುಕಡಿಮೆ ಇಟ್ಟ ಹಾಗೆ. ಆ ವರ್ಷ ಮೇ 10ಕ್ಕೆ ಬಾಗಿಲು ತೆರೆದಿತ್ತು. ನಾವು ಹೋದದ್ದು ಅದರ ಮುಂದಿನ ವಾರ. ಜನ ಇರುವೆ ಸಾಲಿನಂತೆ ಹತ್ತುತ್ತಿದ್ದರು.

ಆ ಹಾದಿಯಲ್ಲಿ ಹಿಮದ ಶಿಖರಗಳನ್ನು ನೋಡಬೇಕೆಂದು ಹೋದ ನನ್ನ ಕಣ್ಣು ಮಾತ್ರ ಬೆನ್ನುಗಳ ಮೇಲೆ ನೆಟ್ಟಿತು. ಮೇಲಿನ ಅಂಗಡಿಗಳ ಅಕ್ಕಿ, ಬೇಳೆ, ಅನಿಲದ ಸಿಲಿಂಡರು, ನೀರಿನ ಬಾಟಲಿ, ನಾವು ರಾತ್ರಿ ಹೊದೆಯಲಿದ್ದ ರಜಾಯಿ, ಎಲ್ಲವೂ ಹೇಸರಗತ್ತೆಯ ಬೆನ್ನಿನ ಮೇಲೋ ಮನುಷ್ಯನ ಬೆನ್ನಿನ ಮೇಲೋ ಹೋಗುತ್ತಿದ್ದವು. 2022ರಲ್ಲಿ ಇದೇ ದಾರಿಯಲ್ಲಿ ಎಷ್ಟೋ ಹೇಸರಗತ್ತೆಗಳು ದುಡಿದು ದುಡಿದು ಸತ್ತದ್ದನ್ನು ಪತ್ರಿಕೆಯಲ್ಲಿ ಓದಿದ್ದೆ. ಜನರೂ ಭಾರವೇ. ನಾಲ್ವರು ಹೊರುವ ಡೋಲಿ ಒಂದು ಬಗೆ, ಇನ್ನೊಂದು ಕಂಡಿ. ಕಂಡಿ ಎಂದರೆ ಬಿದಿರಿನ ಬುಟ್ಟಿ. ಒಬ್ಬರು ಅದರೊಳಗೆ ಹಿಮ್ಮುಖವಾಗಿ ಕೂರುತ್ತಾರೆ, ಇನ್ನೊಬ್ಬರು ಅವರನ್ನು ಬೆನ್ನಿಗೇರಿಸಿಕೊಂಡು ಬಗ್ಗಿ ನಡೆಯುತ್ತಾರೆ. ಹೊರುವವರಲ್ಲಿ ಬಹಳಷ್ಟು ಮಂದಿ ನೇಪಾಳದವರು.

ಜಂಗಲ್ ಚಟ್ಟಿಯ ಹತ್ತಿರ ಇವರ ಮಂಡಿ ಹಿಡಿದುಕೊಂಡಿತು. ಕೂಡಲೇ ಒಬ್ಬ ಹುಡುಗ, ನನ್ನ ಹತ್ತನೆಯ ತರಗತಿಯವರಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು, ಕಂಡಿ ತಂದು ಮುಂದಿಟ್ಟ. ಇವರು ಕೈ ಜೋಡಿಸಿಬಿಟ್ಟರು. "ಮನುಷ್ಯನ ಬೆನ್ನ ಮೇಲೆ ಕೂತು ದೇವರನ್ನು ನೋಡೋದಾದರೆ ನನಗೆ ಆ ದರ್ಶನವೇ ಬೇಡ" ಎಂದರು ನನ್ನ ಕಡೆ ತಿರುಗಿ. ಮಾತು ದೊಡ್ಡದಾಗಿತ್ತು. ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ. ಗಿರಾಕಿ ತಪ್ಪಿತೆಂಬುದು ಮಾತ್ರ ತಿಳಿಯಿತು. ಅವನ ಮುಖ ಬಾಡಿತು. ಅಷ್ಟರಲ್ಲಿ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರು ಇನ್ನೊಂದು ಕಂಡಿಯಲ್ಲಿ ಹಾದುಹೋದರು. ಗೌರೀಕುಂಡದಲ್ಲಿ ಪರಿಚಯವಾಗಿತ್ತು. ಹೃದಯದ ಶಸ್ತ್ರಚಿಕಿತ್ಸೆ ಆದವರು. ಗಂಡ ಇದ್ದಾಗ ಇಬ್ಬರೂ ಸೇರಿ ಹೊತ್ತ ಹರಕೆ ಇದು ಎಂದಿದ್ದರು. ಬುಟ್ಟಿಯೊಳಗಿಂದಲೇ ನಮಗೆ ಕೈ ಬೀಸಿದರು. ಅವರನ್ನು ಕ್ರೂರಿ ಎನ್ನಲು ನನಗೆ ನಾಲಿಗೆ ಏಳದು.

"ನೀವು ದಯೆಯಿಂದ ಬೇಡ ಅಂದಿರಿ. ಆ ದಯೆಯಿಂದ ಅವನಿಗೆ ಇವತ್ತು ಏನು ಸಿಕ್ಕಿತು?" ಎಂದು ಇವರನ್ನು ಕೇಳಿದೆ. ಇವರು ಉತ್ತರ ಹೇಳಲಿಲ್ಲ. ಕೊನೆಗೆ ಚೀಲಗಳೆರಡನ್ನು ಆ ಹುಡುಗನಿಗೆ ಕೊಟ್ಟು, ನಿಧಾನವಾಗಿ ನಡೆದೇ ಹತ್ತಿದೆವು. ಎರಡೂ ಸೇರಿ ಹನ್ನೆರಡು ಕಿಲೋ ಮೀರುತ್ತಿರಲಿಲ್ಲ. ಇಷ್ಟೇನಾ ಎಂದು ಅವನು ನಕ್ಕ. ಆರು ತಿಂಗಳು ಇಲ್ಲಿ ದುಡಿಮೆ, ಬಾಗಿಲು ಮುಚ್ಚಿದ ಮೇಲೆ ಊರು, ಅಲ್ಲಿ ತಾಯಿ, ತಂಗಿ ಎಂದು ಹಿಂದಿಯಲ್ಲಿ ಹೇಳಿದ. ನಮ್ಮವರು ಹಗುರಾದ ಹೆಜ್ಜೆಯಿಂದ ಮುಂದೆ ನಡೆಯುತ್ತಿದ್ದರು. ಹಿಂದಿನಿಂದ ನೋಡುತ್ತಿದ್ದ ನನಗೆ ಅಟ್ಟದ ಕೆಳಗೆ ನಡೆದ ಮಾತುಕತೆ ನೆನಪಾಯಿತು.

2025ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ಸೋನ್‌ಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್ ಉದ್ದದ ರೋಪ್‌ವೇಗೆ ಒಪ್ಪಿಗೆ ಕೊಟ್ಟಿತು. ಎಂಟೊಂಬತ್ತು ಗಂಟೆಯ ಹಾದಿ ಸುಮಾರು 36 ನಿಮಿಷಕ್ಕೆ ಇಳಿಯುತ್ತದಂತೆ. ಆ ಅಜ್ಜಿಯಂಥವರಿಗೆ ಒಳ್ಳೆಯದೇ. ಹುಡುಗನ ಬೆನ್ನೂ ಹಗುರವಾಗುತ್ತದೆ, ಹೊಟ್ಟೆ? ನಮ್ಮ ಕಡೆಯಿಂದ ಹೊರಡುವ ದಯೆ ಅವನ ಬೆನ್ನನ್ನು ಮಾತ್ರ ನೋಡುತ್ತದೆ, ಹೊಟ್ಟೆ ಅದಕ್ಕೆ ಕಾಣುವುದಿಲ್ಲ. ಲೆಕ್ಕ ಹಾಕುವವರು ಹೊಟ್ಟೆಯನ್ನು ಮಾತ್ರ ನೋಡಿ, ಅವನಿಗೆ ಕೆಲಸ ಸಿಕ್ಕಿತಲ್ಲ ಎಂದು ಬೆನ್ನನ್ನು ಮರೆಯುತ್ತಾರೆ.

ಹಾಗೆಂದು ಕೂಲಿ ಕೊಟ್ಟರೆ ಎಲ್ಲ ಭಾರವನ್ನೂ ಹೊರಿಸಬಹುದೆಂದು ವಾದಿಸುವವರ ಪಂಕ್ತಿಯಲ್ಲಿ ನಾನು ಕೂರಲಾರೆ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟರು. ಕೇಂದ್ರದ ಕಾಯಿದೆ ಬರಲು 1993ರವರೆಗೆ, ಅದಕ್ಕಿಂತ ಬಿಗಿಯಾದ ಇನ್ನೊಂದಕ್ಕೆ 2013ರವರೆಗೆ ಕಾಯಬೇಕಾಯಿತು. ಅಲ್ಲಿ ಹೊಟ್ಟೆಪಾಡಿನ ಪ್ರಶ್ನೆಗೆ ಉತ್ತರ ಬೇರೆ ಕೆಲಸ ಕೊಡುವುದೇ ಹೊರತು ಬುಟ್ಟಿಯನ್ನು ಹಗುರಗೊಳಿಸುವುದಲ್ಲ. ಜಾತಿ ನೋಡಿ ತಲೆಗೇರಿಸಿದ ಆ ಬುಟ್ಟಿಯೂ ಒಂದು ಮೂಟೆ ಅಕ್ಕಿಯೂ ಒಂದೇ ತಕ್ಕಡಿಗೆ ಹಾಕುವ ವಸ್ತುಗಳಲ್ಲ. ಕಂಡಿ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ? ಊರಿಗೆ ಮರಳುವ ರೈಲಿನಲ್ಲಿ ನಾವಿಬ್ಬರೂ ಇದನ್ನೇ ಎಳೆದಾಡಿದೆವು. ಇವರು ಅದನ್ನು ಬುಟ್ಟಿಯ ಪಕ್ಕಕ್ಕೆ ತಳ್ಳುತ್ತಾರೆ. ನಾನು ಅಕ್ಕಿಯ ಕಡೆಗೆ ಎಳೆಯುತ್ತೇನೆ.

ಊರಿಗೆ ಬಂದಾಗ ಮನೆ ಬಿಡಲು ಏಳು ದಿನ ಉಳಿದಿತ್ತು. ಹೊಸ ಮನೆ ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಸಾಮಾನು ಸಾಗಿಸಲು ಮೂವರು ಹಮಾಲರು ಬರುವವರಿದ್ದರು. ಅವರಲ್ಲಿ ಹಿರಿಯರು ಎರಡು ದಿನ ಮೊದಲೇ ಬಂದು ಎಲ್ಲವನ್ನೂ ಕಣ್ಣಳತೆಯಲ್ಲೇ ತೂಗಿದರು. ವಯಸ್ಸು ನನ್ನಷ್ಟೇ ಇರಬೇಕು. ಟಿ.ವಿ. ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಇವರು ಪುಸ್ತಕಗಳನ್ನು ಒತ್ತೊತ್ತಾಗಿ ತುಂಬಿದ್ದರು. ಅದನ್ನು ಕಾಲಿನಿಂದ ತುಸು ತಳ್ಳಿ ನೋಡಿ, "ಇದು ಬ್ಯಾಡ್ರೀ ಅಮ್ಮ" ಎಂದರು.

"ಹೊರೋದು ಕಷ್ಟವಾದರೆ ಪುಸ್ತಕ ಇಲ್ಲೇ ಲೈಬ್ರರಿಗೆ ಕೊಟ್ಟುಬಿಡ್ತೀವಿ ಬಿಡಿ" ಎಂದರು ನಮ್ಮವರು. ಕಂಡಿಯ ಗುಂಗು ಇನ್ನೂ ಇಳಿದಿರಲಿಲ್ಲ.

"ಅಯ್ಯೋ, ಕೊಡಬ್ಯಾಡಿ ಸ್ವಾಮಿ. ಹೊರೋದು ಇಲ್ದಿದ್ರೆ ನಮಗೆ ಕೂಲಿ ಎಲ್ಲಿಂದ ಬತ್ತದೆ? ಸಣ್ಣ ಪೆಟ್ಟಿಗೇಲಿ ತುಂಬಿ. ಅಂಗಡೀಲಿ ಬಿಸ್ಕತ್ತಿಂದು, ಸಾಬೂನಿಂದು ಸಿಗ್ತಾವೆ. ಬಟ್ಟೆ ಬೇಕಾದ್ರೆ ದೊಡ್ಡದ್ರಲ್ಲಿ ಇರ್ಲಿ. ಬೀರೂನ ಖಾಲಿ ಮಾಡಿ ಕೊಡಿ. ಪ್ಲಾಸ್ಟಿಕ್ ಚೀಲಕ್ಕೆ ಪಾತ್ರೆ ಹಾಕಬ್ಯಾಡಿ, ಕೈ ಜಾರ್ತದೆ."

ಕೇದಾರದ ಹಾದಿಯಲ್ಲಿ ನಾವು ಆಡಿದ ದೊಡ್ಡ ಮಾತುಗಳಲ್ಲಿ ಒಂದಕ್ಕೂ ಇಷ್ಟು ಬೆಲೆ ಇರಲಿಲ್ಲ. ನನ್ನ ಬಳಿ ತೂಗುಹಾಕಿ ನೋಡುವ ಒಂದು ತೂಕದ ಕೊಕ್ಕೆ ಇತ್ತು. 2019ರಲ್ಲಿ ನಮ್ಮ ಸರ್ಕಾರ, ಶಾಲಾ ಚೀಲ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು, ಹತ್ತನೆಯ ತರಗತಿಗೂ ಐದು ಕಿಲೋ ದಾಟಬಾರದು ಎಂದು ಆದೇಶ ಹೊರಡಿಸಿದಾಗ ಕೊಂಡದ್ದು. ಮಕ್ಕಳ ಕಲಿಕೆಯ ಹೊರೆಯ ಬಗ್ಗೆ ಯಶ್‌ಪಾಲ್ ಸಮಿತಿ 1993ರಲ್ಲೇ ವರದಿ ಕೊಟ್ಟಿತ್ತು. ಚೀಲಕ್ಕೆ ನಮ್ಮ ರಾಜ್ಯದಲ್ಲಿ ಈ ತೂಕದ ಮಿತಿ ಬರಲು ಮತ್ತೆ ಇಪ್ಪತ್ತಾರು ವರ್ಷ ಹಿಡಿಯಿತು. (ಆದೇಶ ಬಂದ ಮೇಲೂ ನನ್ನ ಕೊಕ್ಕೆಗೆ ಏಳು, ಎಂಟು ಕಿಲೋ ಚೀಲಗಳು ಸಿಕ್ಕಿದ್ದುಂಟು. ಅದಿರಲಿ.) ಆ ಕೊಕ್ಕೆಯಿಂದ ಪ್ರತಿ ಪೆಟ್ಟಿಗೆಯನ್ನೂ ತೂಗಿದೆ. ಹದಿನೈದು ಕಿಲೋ ದಾಟಿದ್ದನ್ನು ಒಡೆದು ಎರಡು ಮಾಡಿದೆ. ಪೆಟ್ಟಿಗೆಗಳ ಸಂಖ್ಯೆ ಮೂವತ್ತರಿಂದ ಐವತ್ತೆರಡಕ್ಕೆ ಏರಿತು. ಬಾಡಿಗೆ, ಕೂಲಿ ಎರಡೂ ಹೆಚ್ಚಾದವು. ಇವರು ಗೊಣಗಿದರು, ಆದರೆ ಹಗ್ಗ ಕಟ್ಟಿಕೊಟ್ಟರು.

ಉಳಿದದ್ದು ರುಬ್ಬುವ ಕಲ್ಲು. ನಮ್ಮ ಅತ್ತೆಯವರು ತವರಿನಿಂದ ಗಾಡಿಯಲ್ಲಿ ತಂದದ್ದು. ಮಿಕ್ಸಿ ಬಂದ ಮೇಲೂ ಹಬ್ಬಕ್ಕೆ ನಾನು ಅದರಲ್ಲೇ ರುಬ್ಬುತ್ತಿದ್ದೆ. ಅದನ್ನು ನನ್ನ ಕೊಕ್ಕೆ ತೂಗುವಂತಿರಲಿಲ್ಲ. ಹಿರಿಯರು ಅದರ ಸುತ್ತ ಒಂದು ಸುತ್ತು ಬಂದು, "ಬೇಕೇ ಬೇಕು ಅಂದ್ರೆ ಹಗ್ಗ ಹಾಕಿ ನಾಲ್ಕು ಜನ ಹತ್ತಿಸ್ತೀವಿ. ಅದಕ್ಕೆ ಬ್ಯಾರೆ ಕಾಸು" ಎಂದರು. ಆ ಕಿರಿದಾದ ಮೆಟ್ಟಿಲನ್ನು ನಾನು ಮನಸ್ಸಿನಲ್ಲಿ ಹತ್ತಿ ನೋಡಿದೆ. ತಿರುವಿನಲ್ಲಿ ಒಬ್ಬರ ಕಾಲು ಜಾರಿದರೆ? ನನ್ನ ಪ್ರೀತಿ ನನ್ನದು, ಅತ್ತೆಯವರ ನೆನಪು ನನ್ನದು. ಅದಕ್ಕೂ ಒಂದು ತೂಕವಿದೆ. ಆ ತೂಕ ಬೀಳುವುದು ಅವರನ್ನು ಕಂಡೇ ಇಲ್ಲದ ಯಾರದೋ ಸೊಂಟದ ಮೇಲೆ. ಗುಂಡುಕಲ್ಲನ್ನು ಮಾತ್ರ ಚೀಲದಲ್ಲಿ ಹಾಕಿ ನಾನೇ ಆಟೋದಲ್ಲಿ ತಂದೆ. ಒರಳು ಹೊಸ ಕಟ್ಟಡದ ಕೆಳಗೆ, ನಲ್ಲಿಯ ಪಕ್ಕ ಕೂತಿತು. ಎರಡನ್ನೂ ಅಗಲಿಸಿದ್ದಕ್ಕೆ ಹೊಟ್ಟೆಯಲ್ಲಿ ಸಂಕಟವಾದದ್ದು ನಿಜ, ಈಗಲೂ ಆಗುತ್ತದೆ.

ಎಷ್ಟು ಹೊರಿಸಬಹುದೆಂಬುದನ್ನು ಕೇವಲ ನಮ್ಮಂಥವರ ಮನಸ್ಸಾಕ್ಷಿಗೆ ಬಿಡಬಾರದೆಂದು ತಿಳಿದವರೂ ಇದ್ದಾರೆ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋಗಿಂತ ಹೆಚ್ಚಿದ್ದರೆ ಅದನ್ನು ಬೇಗನೆ ಅಷ್ಟಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಶಿಫಾರಸು ಮಾಡಿತು. ಪುಣೆಯಲ್ಲಿ ಬಾಬಾ ಆಢಾವ್ ಅವರು ಹಮಾಲರನ್ನು ಒಟ್ಟುಗೂಡಿಸಿ ಹಮಾಲ್ ಪಂಚಾಯತ್ ಕಟ್ಟಿದರು. ಮಹಾರಾಷ್ಟ್ರದಲ್ಲಿ 1969ರಲ್ಲಿ ಹಮಾಲರಿಗಾಗಿಯೇ ಕಾಯಿದೆ ಬಂತು. ಅದಕ್ಕೂ ಹಿಂದೆ, ಕಾಯಿದೆ ಗೊತ್ತಿಲ್ಲದ ಕಾಲದಲ್ಲಿ, ನಮ್ಮ ಹಿರಿಯರು ದಾರಿ ಬದಿಯಲ್ಲಿ ಹೊರೆಗಲ್ಲು ನೆಡಿಸುತ್ತಿದ್ದರು. ಎರಡು ನಿಲುವುಗಲ್ಲು, ಅವುಗಳ ಮೇಲೊಂದು ಅಡ್ಡಗಲ್ಲು. ಆಳೆತ್ತರಕ್ಕೆ ಸರಿಯಾಗಿ ಇರುವುದರಿಂದ ಒಂಟಿಯಾಗಿ ಬಂದವನೂ ಯಾರ ಸಹಾಯವಿಲ್ಲದೆ ತಲೆಹೊರೆಯನ್ನು ಅದರ ಮೇಲೆ ಸರಿಸಬಹುದು, ಸಿಂಬಿ ಸರಿಮಾಡಿಕೊಂಡು ಮತ್ತೆ ಹೊತ್ತು ನಡೆಯಬಹುದು. ತಮಿಳುನಾಡಿನಲ್ಲಿ ಬಸುರಿಯಾಗಿದ್ದು ಹೆರದೆ ಸತ್ತ ಹೆಣ್ಣುಮಕ್ಕಳ ನೆನಪಿಗೆ ಇಂಥ ಕಲ್ಲುಗಳನ್ನು ನಿಲ್ಲಿಸುವ ರೂಢಿಯಿತ್ತು. ಹೊತ್ತದ್ದನ್ನು ಇಳಿಸಲಾಗದೆ ಹೋದವಳ ಹೆಸರಿನಲ್ಲಿ, ಹೊತ್ತವರಿಗೆಲ್ಲ ಇಳಿಸಲು ಒಂದು ಜಾಗ. ಅದನ್ನು ನಿಲ್ಲಿಸಿದವರು ಹೊರೆಯನ್ನೇ ಹೊರಬೇಡ ಎನ್ನಲಿಲ್ಲ, ನಿನ್ನ ಹಣೆಬರಹ ಹೊರು ಎಂದೂ ಅನ್ನಲಿಲ್ಲ.

ಹೊಸ ಮನೆಯಲ್ಲಿ ಹಾಲುಕ್ಕಿಸಿ ಒಂದು ತಿಂಗಳಾಗಿತ್ತು. ಅಡಿಗೆ ಅನಿಲದ ಹುಡುಗ ಸಿಲಿಂಡರು ಹೊತ್ತು ಬಂದ. ಒಳಗಿನ ಅನಿಲ 14.2 ಕಿಲೋ, ಉಕ್ಕಿನ ತೂಕವೂ ಹೆಚ್ಚುಕಡಿಮೆ ಅಷ್ಟೇ, ಸೇರಿ ಮೂವತ್ತರ ಹತ್ತಿರ. ಮೊದಲ ಮಹಡಿಯ ತಿರುವಿನಲ್ಲಿ ಗೋಡೆಗೆ ಒರಗಿ, ಸಿಲಿಂಡರನ್ನು ಭುಜದಿಂದ ಇಳಿಸದೆ ನಿಂತಿದ್ದ. ಇಳಿಸಿದರೆ ಮತ್ತೆ ಎತ್ತುವುದೇ ಕಷ್ಟವಂತೆ. ನಮ್ಮ ಹಳೆಯ ಮನೆಯ ತೇಗದ ಸ್ಟೂಲೊಂದು, ಎದೆಯೆತ್ತರದ್ದು, ಅಟ್ಟದಿಂದ ವಸ್ತು ತೆಗೆಯಲು ಮಾಡಿಸಿದ್ದು, ಹೊಸ ಮನೆಗೆ ಅಟ್ಟವಿಲ್ಲದ್ದರಿಂದ ಮೂಲೆಯಲ್ಲಿ ನಿಂತಿತ್ತು. ನಮ್ಮವರು ಅದನ್ನು ಕೆಳಗೆ ಹೊತ್ತುಕೊಂಡು ಹೋಗಿ ತಿರುವಿನಲ್ಲಿಟ್ಟು, ಅಲುಗಾಡದಂತೆ ಗೋಡೆಗೆ ಮೊಳೆ ಹೊಡೆದು ಕಟ್ಟಿದರು. ಹುಡುಗ ಈಗ ಅದರ ಮೇಲೆ ಸಿಲಿಂಡರು ಇಟ್ಟು ಬೆವರು ಒರೆಸಿಕೊಳ್ಳುತ್ತಾನೆ. ನೀರಿನ ಕ್ಯಾನಿನವನೂ ಇಡುತ್ತಾನೆ. ತರಕಾರಿ ಚೀಲ ಹೊತ್ತ ಮೂರನೆಯ ಮಹಡಿಯ ಹಿರಿಯರೂ ಇಡುತ್ತಾರೆ. ಮೆಟ್ಟಿಲಿಗೆ ಅಡ್ಡವಾಗುತ್ತದೆ, ಕಟ್ಟಡದ ಅಂದವೂ ಕೆಡುತ್ತದೆ ಎಂದು ಮೊದಲ ಮಹಡಿಯವರ ತಕರಾರು. ಸಂಘದ ಮುಂದಿನ ಸಭೆಗೆ ಸ್ಟೂಲಿನ ವಿಷಯ ಬರಲಿದೆ. ಅಲ್ಲಿಗೆ ಅಡ್ಡಗಲ ಎಷ್ಟು, ಉಳಿಯುವ ದಾರಿ ಎಷ್ಟು ಎಂದು ಇವರು ಅಳತೆ ಬರೆದಿಟ್ಟುಕೊಂಡಿದ್ದಾರೆ.