ಬಾಡಿಗೆ ಮನೆಯ ಧರ್ಮ: ಸ್ವತ್ವ, ಭೋಗ ಮತ್ತು ವಿಶ್ವಾಸ

ಮನೆಯನ್ನು ಬಾಡಿಗೆಗೆ ಕೊಡುವುದು ಮೇಲ್ನೋಟಕ್ಕೆ ಬರಿಯ ವ್ಯವಹಾರದ ಸಂಗತಿ. ಆದರೆ ತಮ್ಮದೆಂದು ಕರೆದುಕೊಳ್ಳುವ ಗೋಡೆಗಳೊಳಗೆ ಗುರುತು ಪರಿಚಯವಿಲ್ಲದ ಕುಟುಂಬವೊಂದು ಒಲೆ ಹಚ್ಚಿ, ಮಕ್ಕಳನ್ನು ಬೆಳೆಸಿ, ತನ್ನ ದೇವರಿಗೆ ದೀಪವಿಡಲು ಒಪ್ಪಿಗೆ ಕೊಡುವಾಗ, ಒಡೆತನವೆಂದರೇನು, ಅನ್ಯರೆಂದರೆ ಯಾರು, ನಂಬಿಕೆಗೆ ಆಧಾರ ಯಾವುದು ಎಂಬ ಪ್ರಶ್ನೆಗಳಿಗೆ ಮಾಲೀಕರು ತಿಳಿದೋ ತಿಳಿಯದೆಯೋ ಉತ್ತರ ಕೊಟ್ಟಿರುತ್ತಾರೆ. ತುಂಗಭದ್ರೆಯ ದಂಡೆಯ ಹರಿಹರ ಮತ್ತು ಅದರಿಂದ ಸುಮಾರು 14 ಕಿಲೋಮೀಟರ್ ದೂರದ ದಾವಣಗೆರೆ ಈ ಪ್ರಶ್ನೆಗಳನ್ನು ಎದುರಿಸುತ್ತಲೇ ಬೆಳೆದ ಜೋಡಿ ನಗರಗಳು. ದಾವಣಗೆರೆಯ ಹತ್ತಿ ಗಿರಣಿಗಳು, 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ, 1951ರ ಇಂಜಿನಿಯರಿಂಗ್ ಕಾಲೇಜು, 1965ರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1997ರಲ್ಲಿ ಬಂದ ಜಿಲ್ಲಾ ಕೇಂದ್ರದ ಸ್ಥಾನ, 2009ರ ವಿಶ್ವವಿದ್ಯಾಲಯ, ಇವೆಲ್ಲವೂ ಕಾರ್ಮಿಕರನ್ನು, ಗುಮಾಸ್ತರನ್ನು, ವಿದ್ಯಾರ್ಥಿಗಳನ್ನು, ವರ್ಗಾವಣೆಯ ನೌಕರರನ್ನು ಬೇರೆ ಬೇರೆ ಊರುಗಳಿಂದ ಕರೆತಂದವು. ಅವರಿಗಾಗಿ ಮಹಡಿಯ ಮೇಲೊಂದು ಮಹಡಿ ಎದ್ದು ‘ಮನೆ ಬಾಡಿಗೆಗಿದೆ’ ಎಂಬ ಫಲಕ ಎರಡೂ ಊರುಗಳ ಬಡಾವಣೆಗಳಲ್ಲಿ ನಿತ್ಯದ ನೋಟವಾಯಿತು.

ಆ ಫಲಕದ ಹಿಂದೆ ನಿಂತವರೆಲ್ಲರೂ ಕೇಳುವುದು ಒಂದೇ: ನಂಬಿಕಸ್ಥ ಬಾಡಿಗೆದಾರರು ಸಿಗುವುದು ಹೇಗೆ? ಇದು ನ್ಯಾಯವಾದ ಕಾಳಜಿ. ನಿವೃತ್ತಿಯ ಹಣವನ್ನೆಲ್ಲ ಸುರಿದು ಮೇಲಂತಸ್ತು ಕಟ್ಟಿಸಿದವರಿಗೆ, ಆ ಬಾಡಿಗೆಯೊಂದರಲ್ಲೇ ಸಂಸಾರ ತೂಗಿಸುವ ವಿಧವೆಗೆ ಕೆಟ್ಟ ಬಾಡಿಗೆದಾರನೆಂಬುದು ಬದುಕಿನ ಬುಡವನ್ನೇ ಅಲ್ಲಾಡಿಸಬಲ್ಲ ಭಯ. ಆದರೆ ಈ ಪ್ರಶ್ನೆಯಲ್ಲಿ ಒಂದು ಊಹೆ ಅಡಗಿದೆ. ವಿಶ್ವಾಸಾರ್ಹತೆಯೆಂಬ ಗುಣ ಬರುವವರಲ್ಲಿ ಮೊದಲೇ ಇರುತ್ತದೆ, ಮಾಲೀಕರ ಕೆಲಸ ಅದನ್ನು ಪತ್ತೆಹಚ್ಚುವುದಷ್ಟೇ ಎಂಬುದೇ ಆ ಊಹೆ. ಭಾರತೀಯ ಶಾಸ್ತ್ರಗಳೂ ಈ ನೆಲದ ಧರ್ಮಗಳೂ ಒಡೆತನವನ್ನು ಕುರಿತು ಹೇಳಿರುವುದನ್ನು ಕೂಡಿಸಿ ನೋಡಿದರೆ ಈ ಊಹೆ ನಿಲ್ಲುವುದಿಲ್ಲ.

ಮೊದಲಿಗೆ ಒಡೆತನದ ಸ್ವರೂಪ. ಕಲ್ಯಾಣದ ಚಾಲುಕ್ಯರ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ಇಂದಿನ ಬಸವಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಸ್ವತ್ವ, ಅಂದರೆ ಒಂದು ವಸ್ತು ತನ್ನದಾಗಿರುವಿಕೆ, ಶಾಸ್ತ್ರದಿಂದ ಹುಟ್ಟುವುದೋ ಲೋಕವ್ಯವಹಾರದಿಂದಲೋ ಎಂದು ಅವನು ಚರ್ಚಿಸುತ್ತಾನೆ. ಶಾಸ್ತ್ರವನ್ನೇ ಅರಿಯದ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ಪರಸ್ಪರರ ಒಡೆತನವನ್ನು ಗುರುತಿಸುತ್ತಾರೆ. ಆದ್ದರಿಂದ ಸ್ವತ್ವವು ಲೌಕಿಕವಾದುದು ಎಂಬುದು ಅವನ ನಿರ್ಣಯ. ಇದರಿಂದ ಹೊರಡುವ ತಾತ್ಪರ್ಯ ದೊಡ್ಡದು: ಒಡೆತನವು ವಸ್ತುವಿನೊಳಗೆ ಕುಳಿತ ದಿವ್ಯಗುಣವಲ್ಲ, ಸಮಾಜವು ಒಪ್ಪಿ ನಡೆಸಿಕೊಂಡು ಬಂದ ಸಂಬಂಧ. ಅದೇ ಗ್ರಂಥವು ಸ್ವತ್ವವನ್ನೂ ಭೋಗವನ್ನೂ, ಅಂದರೆ ವಸ್ತುವಿನ ಅನುಭವವನ್ನೂ, ಬೇರೆಬೇರೆಯಾಗಿ ಇಡುತ್ತದೆ. ಒಡೆಯನ ಕಣ್ಣೆದುರೇ ಅವನ ಆಕ್ಷೇಪವಿಲ್ಲದೆ ಅನ್ಯರು ಇಪ್ಪತ್ತು ವರ್ಷ ಭೂಮಿಯನ್ನು ಅನುಭವಿಸಿದರೆ ಹಾನಿಯುಂಟೆಂಬ ಸ್ಮೃತಿವಾಕ್ಯಕ್ಕೆ ವಿಜ್ಞಾನೇಶ್ವರನು ಕೊಡುವ ಅರ್ಥವೆಂದರೆ, ಕಳೆದುಹೋಗುವುದು ಆ ಕಾಲದ ಫಲವೇ ಹೊರತು ಒಡೆತನವಲ್ಲ.

‘ಬಹಳ ದಿನ ಬಿಟ್ಟರೆ ಮನೆ ಅವರದೇ ಆಗಿಬಿಡುತ್ತದೆ’ ಎಂಬ ಇಂದಿನ ಸಾಮಾನ್ಯ ಭೀತಿಗೂ ಇಲ್ಲಿ ಉತ್ತರವಿದೆ. ಒಡೆಯರ ಅನುಮತಿಯಿಂದ ವಾಸಿಸುವವರು ಕೇವಲ ಕಾಲ ಸರಿದ ಮಾತ್ರಕ್ಕೆ ಒಡೆಯರಾಗುವುದಿಲ್ಲವೆಂಬುದು ಆಧುನಿಕ ಕಾನೂನಿನ ನಿಲುವೂ ಹೌದು. ಕರಾರನ್ನು ಹನ್ನೊಂದು ತಿಂಗಳಿಗೆ ಬರೆಸುವ ರೂಢಿ ಬೆಳೆದದ್ದು ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದಲೇ ಹೊರತು, ಹನ್ನೆರಡನೆಯ ತಿಂಗಳಲ್ಲಿ ಮನೆ ಕೈತಪ್ಪುತ್ತದೆ ಎಂಬುದರಿಂದಲ್ಲ. ಬಾಡಿಗೆಯ ಹೊಣೆ ಎರಡೂ ಕಡೆಯದೆಂಬುದು ಇನ್ನೂ ಹಳೆಯ ತಿಳಿವಳಿಕೆ. ಕೌಟಿಲ್ಯನ ಅರ್ಥಶಾಸ್ತ್ರದ ‘ಧರ್ಮಸ್ಥೀಯ’ವೆಂಬ ಮೂರನೆಯ ಅಧಿಕರಣವು, ಬಿಡಬೇಕೆಂದು ಹೇಳಿದ ಮೇಲೂ ಮನೆಯಲ್ಲೇ ಉಳಿದ ಬಾಡಿಗೆದಾರನಿಗೆ ದಂಡ ವಿಧಿಸುವಂತೆಯೇ, ಬಾಡಿಗೆ ಕೊಡುತ್ತಿರುವವನನ್ನು ಹೊರಹಾಕಿದ ಒಡೆಯನಿಗೂ ದಂಡ ವಿಧಿಸುತ್ತದೆ, ಕಳ್ಳತನ, ಹಲ್ಲೆಗಳಂಥ ಕಾರಣಗಳಿದ್ದಾಗ ಮಾತ್ರ ಒಡೆಯನಿಗೆ ವಿನಾಯಿತಿಯುಂಟು.

ಧರ್ಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನುಷ್ಯನ ಒಡೆತನವನ್ನೇ ಒಂದು ಬಗೆಯ ಬಾಡಿಗೆಯೆಂದು ಕಾಣುತ್ತವೆ. ಜಗತ್ತೆಲ್ಲವೂ ಈಶನಿಂದ ಆವೃತವಾದುದರಿಂದ ತ್ಯಾಗಬುದ್ಧಿಯಿಂದಲೇ ಅನುಭವಿಸಬೇಕೆಂಬ ಈಶಾವಾಸ್ಯೋಪನಿಷತ್ತಿನ ತತ್ತ್ವದಲ್ಲಿ ಗಾಂಧೀಜಿಯವರು ತಮ್ಮ ಧರ್ಮದರ್ಶಿತ್ವದ ವಿಚಾರಕ್ಕೆ, ಅಂದರೆ ಸಂಪತ್ತುಳ್ಳವರು ಅದರ ಪಾಲಕರು ಮಾತ್ರ ಎಂಬ ನಿಲುವಿಗೆ, ಆಧಾರ ಕಂಡರು. ಹನ್ನೆರಡನೆಯ ಶತಮಾನದ ಶರಣರ ದಾಸೋಹ ತತ್ತ್ವವು, ಕಾಯಕದಿಂದ ಬಂದ ಸಂಪತ್ತು ಶಿವನದು, ಹಿಡಿದವರು ಅದನ್ನು ಸಮುದಾಯಕ್ಕೆ ಸಲ್ಲಿಸಬೇಕಾದ ಸೇವಕರು ಎಂದು ಕಲಿಸಿತು. ಜೈನಾಚಾರ್ಯ ಸಮಂತಭದ್ರರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ದಾನಗಳಲ್ಲಿ ಎಣಿಸಿದರು. ಬೈಬಲಿನ ಯಾಜಕಕಾಂಡವು ಭೂಮಿ ದೇವರದೆಂದೂ ಮನುಷ್ಯರು ಅದರಲ್ಲಿ ಪ್ರವಾಸಿಗಳೆಂದೂ ಹೇಳುತ್ತದೆ. ಇಸ್ಲಾಮಿನ ನ್ಯಾಯಶಾಸ್ತ್ರವು ಬಾಡಿಗೆಯನ್ನು ‘ಇಜಾರಾ’ ಎಂದು, ಅಂದರೆ ವಸ್ತುವನ್ನು ಉಳಿಸಿಕೊಂಡು ಅದರ ಉಪಯೋಗವನ್ನಷ್ಟೇ ಗೊತ್ತಾದ ಅವಧಿಗೆ ಮಾರುವ ಕರಾರೆಂದು ಪರಿಗಣಿಸಿ, ಬಾಡಿಗೆದಾರನ ವಶದಲ್ಲಿರುವ ವಸ್ತುವನ್ನು ‘ಅಮಾನತ್’ ಅಥವಾ ನಂಬಿ ಒಪ್ಪಿಸಿದ ನಿಧಿ ಎಂದು ಕರೆಯುತ್ತದೆ. ಈ ಎಲ್ಲ ಪರಂಪರೆಗಳ ಜನ ದಾವಣಗೆರೆ ಹರಿಹರಗಳಲ್ಲಿ ಅಕ್ಕಪಕ್ಕದಲ್ಲೇ ಇದ್ದಾರೆ.

ಹಾಗಾದರೆ ಆಶ್ರಯಕ್ಕೆ ಹಣ ಪಡೆಯುವುದು ದಾನಕ್ಕಿಂತ ಕೀಳೇ? ಹಾಗೆ ಭಾವಿಸಬೇಕಿಲ್ಲ. ಮಠಗಳ ಉಚಿತ ಪ್ರಸಾದನಿಲಯಗಳು ನಾಡಿನ ಬಡ ವಿದ್ಯಾರ್ಥಿಗಳಿಗೆ ಮಾಡಿದ ಉಪಕಾರಕ್ಕೆ ಸಾಟಿಯಿಲ್ಲ. ಆದರೂ ದಾನವು ಒಬ್ಬ ದಾನಿಯನ್ನೂ ಒಬ್ಬ ಋಣಿಯನ್ನೂ ಸೃಷ್ಟಿಸುತ್ತದೆ. ನ್ಯಾಯವಾದ ಬಾಡಿಗೆಯು ಇಬ್ಬರು ಸಮಾನರನ್ನು ಸೃಷ್ಟಿಸುತ್ತದೆ. ತಿಂಗಳ ಮೊದಲ ವಾರ ಹಣ ಸಲ್ಲಿಸಿದ ಬಾಡಿಗೆದಾರರು ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ; ತಮ್ಮ ನೆಂಟರನ್ನು ಕರೆಯಲು, ತಮ್ಮ ಹಬ್ಬ ಮಾಡಲು, ತಮಗೆ ಬೇಕಾದ ಹೊತ್ತಿಗೆ ಬಾಗಿಲು ಹಾಕಿಕೊಳ್ಳಲು ಅವರಿಗೆ ಹಕ್ಕುಂಟು. ಬಾಡಿಗೆಯನ್ನೂ ಪಡೆದು ಉಪಕಾರ ಮಾಡಿದವರ ಗತ್ತನ್ನೂ ಉಳಿಸಿಕೊಳ್ಳುವ ಮಾಲೀಕರು ಒಂದೇ ವಸ್ತುವಿಗೆ ಎರಡು ಬೆಲೆ ಪಡೆದಂತಾಗುತ್ತದೆ.

ಈ ದೃಷ್ಟಿಯಿಂದ ನೋಡಿದಾಗ ಮನೆಯನ್ನು ಸಜ್ಜುಗೊಳಿಸುವುದು ನಂಬಿಕೆಯ ಮೊದಲ ಕಂತಾಗುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆ, 1882ರ 108ನೆಯ ಕಲಮು, ಮಾಲೀಕರಿಗೆ ತಿಳಿದಿದ್ದು ಬಾಡಿಗೆದಾರರಿಗೆ ಸಾಮಾನ್ಯ ಎಚ್ಚರಿಕೆಯಿಂದ ಕಾಣಲಾಗದ ಮಹತ್ವದ ದೋಷವನ್ನು ಮಾಲೀಕರು ತಾವಾಗಿಯೇ ತಿಳಿಸಬೇಕೆನ್ನುತ್ತದೆ. ಮಳೆಗಾಲದಲ್ಲಿ ಸೋರಿದ ಸಜ್ಜೆಯ ಕೆಳಗಿನ ಹಸಿ ಗೋಡೆಯ ಮೇಲೆ ಬೇಸಿಗೆಯಲ್ಲಿ ಬಣ್ಣ ಬಳಿದು ತೋರಿಸುವವರು ಮಾತಿನಲ್ಲಿ ಒಂದೂ ಸುಳ್ಳು ಹೇಳದಿರಬಹುದು, ಆದರೆ ಅವರ ಗೋಡೆ ಸುಳ್ಳು ಹೇಳುತ್ತದೆ. ಸಂಪು ತೊಳೆಸಿ, ನಲ್ಲಿಯ ವಾಷರ್ ಬದಲಿಸಿ, ಬಾಗಿಲ ಚಿಲಕ ಸರಿಪಡಿಸಿ, ಹಿಂದಿನವರ ಬೆಸ್ಕಾಂ ಬಾಕಿ ತೀರಿಸಿ, ಮೀಟರಿನ ಅಂಕಿಯನ್ನು ಇಬ್ಬರೂ ನೋಡಿ ಬರೆದುಕೊಂಡು, ನೀರು ಯಾವ ದಿನ ಎಷ್ಟು ಹೊತ್ತು ಬರುತ್ತದೆಂಬುದನ್ನು ಇದ್ದದ್ದು ಇದ್ದಂತೆ ಹೇಳುವ ಮಾಲೀಕರು ಬಾಡಿಗೆದಾರರಿಂದ ಅದೇ ಸತ್ಯವನ್ನು ನಿರೀಕ್ಷಿಸುವ ಅರ್ಹತೆ ಪಡೆಯುತ್ತಾರೆ.

ಈ ಸಿದ್ಧತೆಯಲ್ಲಿ ಸಣ್ಣದಾಗಿ ಕಂಡರೂ ತಾತ್ತ್ವಿಕವಾಗಿ ದೊಡ್ಡದಾದ ಒಂದು ಜಾಗವಿದೆ: ದೇವರ ಗೂಡು. ಅಡುಗೆಮನೆಯ ಪಕ್ಕದ ಆ ಪುಟ್ಟ ಕೋಣೆಯಲ್ಲಿ ಅಥವಾ ಗೋಡೆಯ ಗೂಡಿನಲ್ಲಿ ಹಿಂದಿನವರ ಎಣ್ಣೆಯ ಜಿಡ್ಡು, ಕುಂಕುಮದ ಕಲೆ, ಊದುಬತ್ತಿಯ ಮಸಿ ಉಳಿದಿರುತ್ತವೆ. ಅದನ್ನು ತೊಳೆದು ಸುಣ್ಣ ಬಳಿದು ಖಾಲಿ ಬಿಡುವ ಮಾಲೀಕರು, ಬರುವವರು ತಮ್ಮ ದೇವರನ್ನು ತಾವೇ ತರುತ್ತಾರೆಂದು ಒಪ್ಪಿಕೊಂಡಿರುತ್ತಾರೆ. ಅಲ್ಲಿ ಇಷ್ಟಲಿಂಗದ ಪೂಜೆ ನಡೆಯಬಹುದು, ವೆಂಕಟರಮಣನ ಪಟ ಬರಬಹುದು, ಅಂಬೇಡ್ಕರರ ಚಿತ್ರ ನಿಲ್ಲಬಹುದು, ಶಿಲುಬೆ ಇರಬಹುದು, ಖುರಾನಿನ ಪ್ರತಿಯನ್ನು ಇಡಲು ಅದೇ ಎತ್ತರದ ಜಾಗವಾಗಬಹುದು. ಹೊಸಬರು ಹಾಲುಕ್ಕಿಸಿ ಒಳಗೆ ಬಂದ ಕ್ಷಣದಿಂದ, ಇಟ್ಟಿಗೆ ಯಾರದೇ ಆದರೂ ಅದು ಅವರ ಮನೆ.

ಆದರೆ ಅನೇಕ ಕಡೆ ಹಾಲುಕ್ಕುವ ಮೊದಲೇ ಬಾಗಿಲು ಮುಚ್ಚುತ್ತದೆ. ಫಲಕ ನೋಡಿ ಬಂದವರಿಗೆ ಉದ್ಯೋಗಕ್ಕಿಂತ ಮೊದಲು ಎದುರಾಗುವ ಪ್ರಶ್ನೆ ‘ನೀವು ಯಾವ ಜನ?’ ಎಂಬುದು, ಅದನ್ನೇ ಮೃದುಗೊಳಿಸಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎನ್ನುವುದೂ ಉಂಟು. 1917ರಲ್ಲಿ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಅಧಿಕಾರಿಯಾಗಿದ್ದ ಡಾ. ಬಿ.ಆರ್. ಅಂಬೇಡ್ಕರರಿಗೆ ಆ ನಗರದಲ್ಲಿ ಮನೆ ಸಿಗಲಿಲ್ಲ. ಗುರುತು ಮರೆಸಿಕೊಂಡು ಪಾರ್ಸಿ ವಸತಿಗೃಹವೊಂದರಲ್ಲಿ ತಂಗಿದ್ದ ಅವರನ್ನು ಹನ್ನೊಂದನೆಯ ದಿನ ಕೋಲು ಹಿಡಿದು ಬಂದವರು ಹೊರಡಿಸಿದರೆಂಬುದನ್ನು ಅವರೇ ಬರೆದಿಟ್ಟಿದ್ದಾರೆ. ವಿದ್ಯೆ, ವೇತನ, ನಡತೆ, ಹುದ್ದೆ ಎಂಬ ವಿಶ್ವಾಸಾರ್ಹತೆಯ ಎಲ್ಲ ಪ್ರಮಾಣಗಳೂ ಇದ್ದವರು ಜಾತಿಯೊಂದರ ಕಾರಣಕ್ಕೆ ಬೀದಿಗೆ ಬಿದ್ದ ಈ ಪ್ರಸಂಗವು, ಜಾತಿಯನ್ನು ಕೇಳುವುದು ವಿಶ್ವಾಸಾರ್ಹತೆಯನ್ನು ಕೇಳುವ ಕ್ರಮವೇ ಅಲ್ಲವೆಂಬುದನ್ನು ತೋರಿಸಿಕೊಡುತ್ತದೆ.

ಕಾನೂನು ಇಲ್ಲಿ ಅರ್ಧದಾರಿಯವರೆಗೆ ಬಂದು ನಿಂತಿದೆ. ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1955, ಅಸ್ಪೃಶ್ಯತೆಯ ಹೆಸರಿನಲ್ಲಿ ಯಾವುದೇ ಪ್ರದೇಶದಲ್ಲಿ ವಾಸಿಸುವುದಕ್ಕೆ ಅಡ್ಡಿಪಡಿಸುವುದನ್ನು ಅಪರಾಧವೆನ್ನುತ್ತದೆ. ಆದರೆ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವು ಅಂಗಡಿ, ಹೋಟೆಲು, ಬಾವಿ, ಕೆರೆಗಳಂಥ ಸ್ಥಳಗಳನ್ನು ಹೆಸರಿಸುತ್ತದೆಯೇ ಹೊರತು ಖಾಸಗಿ ಮನೆಯ ಬಾಡಿಗೆಯನ್ನಲ್ಲ. 2005ರಲ್ಲಿ ಸುಪ್ರೀಂ ಕೋರ್ಟು, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವವೆಂಬ ಗೃಹ ಸಹಕಾರ ಸಂಘವೊಂದರ ನಿಯಮವನ್ನು ಎತ್ತಿಹಿಡಿಯಿತು. ಕಾನೂನು ನಿಂತಲ್ಲಿ ಧರ್ಮದ ಹೊಣೆ ಆರಂಭವಾಗುತ್ತದೆ. ಒಂದೇ ಸೂರಿನಡಿ ಒಂದೇ ಅಡುಗೆಮನೆಯನ್ನು ಹಂಚಿಕೊಳ್ಳುವವರು ಆಹಾರದ ಬಗ್ಗೆ ಮೊದಲೇ ಮಾತಾಡಿಕೊಳ್ಳುವುದು ಸಹಜ. ಆ ಸಂಕೋಚವನ್ನು ಹಳಿಯಬೇಕಿಲ್ಲ. ಆದರೆ ಬೇರೆ ಬಾಗಿಲು, ಬೇರೆ ಒಲೆ, ಬೇರೆ ಮೀಟರು ಇರುವ ಮನೆಗೂ ಅದೇ ನಿಯಮವನ್ನು ಹೇರಿದರೆ ಅದು ಆಚಾರದ ರಕ್ಷಣೆಯಾಗದೆ ಅನ್ಯರ ತಟ್ಟೆಯ ಮೇಲಿನ ಅಧಿಕಾರವಾಗುತ್ತದೆ.

ಹರಿಹರದ ದೇವಾಲಯವು ಈ ಚರ್ಚೆಗೆ ತನ್ನದೇ ತತ್ತ್ವವನ್ನು ಒದಗಿಸುತ್ತದೆ. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಈ ಗುಡಿಯ ಗರ್ಭಗೃಹದಲ್ಲಿ ಬಲಭಾಗ ಹರ, ಎಡಭಾಗ ಹರಿಯಾದ ಒಂದೇ ವಿಗ್ರಹವಿದೆ. ಇಬ್ಬರಲ್ಲಿ ಯಾರೊಬ್ಬರಿಂದಲೂ ಸಾಯದಂತೆ ವರ ಪಡೆದಿದ್ದ ಗುಹಾಸುರನನ್ನು ಇಬ್ಬರೂ ಒಂದಾಗಿ ಕೊಂದರೆಂಬುದು ಸ್ಥಳಪುರಾಣ. ಆ ವಿಗ್ರಹದಲ್ಲಿ ತ್ರಿಶೂಲ ಚಕ್ರವಾಗಿಲ್ಲ, ಚಕ್ರ ತ್ರಿಶೂಲವಾಗಿಲ್ಲ. ಎರಡೂ ತಮ್ಮ ತಮ್ಮ ಲಕ್ಷಣಗಳನ್ನು ಉಳಿಸಿಕೊಂಡೇ ಒಂದು ಗರ್ಭಗೃಹವನ್ನು ಹಂಚಿಕೊಂಡಿವೆ. ಶೈವ ವೈಷ್ಣವರ ನಡುವೆ ವಾದಗಳು ನಡೆದ ನಾಡಿನಲ್ಲಿ ಇದು, ಜೊತೆಗಿರಲು ಒಂದೇ ಆಗಬೇಕಿಲ್ಲವೆಂಬ ಸಿದ್ಧಾಂತದ ಶಿಲ್ಪರೂಪ. ಮಂಟಪದ ಹೊರಗೋಡೆಯೂ ಸುಮಾರು ಒಂದು ಮೀಟರ್ ಎತ್ತರಕ್ಕೆ ನಿಂತು, ಮೇಲೆ ಗಾಳಿ ಬೆಳಕುಗಳಿಗೆ ತೆರೆದಿದೆ. ಎಲ್ಲೆಯೂ ಉಂಟು, ನೋಟಕ್ಕೆ ತಡೆಯೂ ಇಲ್ಲ. ಈ ದೇವರಿಗೆ ಕೈಮುಗಿದು ಬಂದವರು ತಮ್ಮ ಮಹಡಿಯಲ್ಲಿ ಬೇರೆ ಲಾಂಛನದವರನ್ನು ಇರಿಸಿಕೊಳ್ಳಲಾರೆವೆಂದರೆ, ಪೂಜೆ ಗುಡಿಯ ಹೊಸ್ತಿಲಲ್ಲೇ ಉಳಿಯಿತೆಂದು ಅರ್ಥ.

ಕೊನೆಯದಾಗಿ ಮುಂಗಡದ ಹಣ. ನಂಬಿಕೆಯ ಪರೀಕ್ಷೆ ಮಾಲೀಕರ ಕಡೆಗೆ ತಿರುಗುವುದು ಇಲ್ಲಿ. ‘ಲೀಸ್’ ಅಥವಾ ಭೋಗ್ಯವೆಂಬ ಪದ್ಧತಿಯಲ್ಲಿ ದೊಡ್ಡ ಮೊತ್ತವೊಂದನ್ನು ಕೊಟ್ಟವರು ಬಾಡಿಗೆಯಿಲ್ಲದೆ ವಾಸಿಸಿ, ಅವಧಿ ಮುಗಿದಾಗ ಪೂರ್ತಿ ಹಣ ಮರಳಿ ಪಡೆಯುತ್ತಾರೆ. ಮಿತಾಕ್ಷರೆಯೂ ಒತ್ತೆಯನ್ನು ಕಾಪಾಡಿ ಇಡಬೇಕಾದುದು, ಅನುಭವಿಸಬಹುದಾದುದು ಎಂದು ಎರಡಾಗಿ ವಿಂಗಡಿಸುತ್ತದೆ. ಎರಡನೆಯದೇ ಈ ಭೋಗ್ಯ. ಸಾಲದ ಮೇಲೆ ಪಡೆದ ಲಾಭವೂ ಬಡ್ಡಿಯೇ ಎಂದು ಎಣಿಸುವ ಅನೇಕ ಮುಸ್ಲಿಂ ಧರ್ಮಶಾಸ್ತ್ರಜ್ಞರು ಈ ಪದ್ಧತಿಯನ್ನು ಒಪ್ಪುವುದಿಲ್ಲ. ಪಡೆದ ಹಣವನ್ನು ಖರ್ಚು ಮಾಡಿಕೊಂಡ ಮಾಲೀಕರು ಮುಂದಿನ ಬಾಡಿಗೆದಾರರ ಹಣಕ್ಕಾಗಿ ಹಿಂದಿನವರನ್ನು ಕಾಯಿಸುವಾಗ ಆ ಆಕ್ಷೇಪದ ಹಿಂದಿನ ಎಚ್ಚರ ಎಲ್ಲರಿಗೂ ಅನ್ವಯಿಸುತ್ತದೆ. ಕೇಂದ್ರ ಸರಕಾರವು 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೂಡದೆಂದದ್ದೂ ಈ ಅಸಮತೆಯನ್ನು ಮನಗಂಡೇ.

ಅಸಮತೆಯೆಂಬುದೇ ಈ ವಿಚಾರದ ತಿರುಳು. ಮನೆಯ ದೋಷ ಮಾಲೀಕರಿಗೆ ಗೊತ್ತು, ಬರುವವರಿಗೆ ಗೊತ್ತಿಲ್ಲ. ಮುಂಗಡದ ಹಣ ಮಾಲೀಕರ ಕೈಯಲ್ಲಿದೆ, ಬಾಡಿಗೆದಾರರ ಕೈಯಲ್ಲಿರುವುದು ಒಂದು ಕರಾರುಪತ್ರ. ಒಲ್ಲೆನೆಂದು ಬಾಗಿಲು ಹಾಕುವ ಶಕ್ತಿಯೂ ಮಾಲೀಕರದೇ. ಹೆಚ್ಚು ಬಲ್ಲವರೂ ಹೆಚ್ಚು ಬಲವುಳ್ಳವರೂ ಮೊದಲು ನಂಬಿಕೆಗೆ ಪಾತ್ರರಾಗಬೇಕೆಂಬುದು ಎಲ್ಲ ಧರ್ಮಗಳ ಸಾಮಾನ್ಯ ನ್ಯಾಯ. ಹಾಗೆಂದು ಕಣ್ಣುಮುಚ್ಚಿ ಬೀಗದ ಕೈ ಕೊಡಬೇಕೆಂದಲ್ಲ: ಉದ್ಯೋಗದ ದಾಖಲೆ ನೋಡುವುದು, ಹಿಂದಿನ ಮಾಲೀಕರನ್ನು ವಿಚಾರಿಸುವುದು, ಪೊಲೀಸ್ ಠಾಣೆಗೆ ಮಾಹಿತಿ ಕೊಡುವುದು, ಕರಾರನ್ನು ಇಬ್ಬರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆಸುವುದು, ಇವೆಲ್ಲ ವಿವೇಕದ ಕೆಲಸಗಳು, ಎಲ್ಲ ಜಾತಿಯವರನ್ನೂ ಒಂದೇ ಅಳತೆಯಲ್ಲಿ ಅಳೆಯುತ್ತವೆಂಬುದೇ ಅವುಗಳ ಗುಣ. ನಂಬಿಕಸ್ಥ ಬಾಡಿಗೆದಾರರು ಹೀಗೆ ತಿಂಗಳು ತಿಂಗಳ ನಡೆಯಿಂದ ರೂಪುಗೊಳ್ಳುತ್ತಾರೆ, ಆ ನಡೆಯ ಮೊದಲ ಹೆಜ್ಜೆ ಮಾಲೀಕರದು. ಮನೆಯನ್ನು ಪ್ರಾಮಾಣಿಕವಾಗಿ ಸಜ್ಜುಗೊಳಿಸಿ, ಕುಲ ಕೇಳದೆ ಒಳಗೆ ಕರೆದು, ಬಿಟ್ಟುಹೋಗುವ ದಿನ ಮುಂಗಡವನ್ನು ಲೆಕ್ಕದೊಂದಿಗೆ ಕೈಗಿಡುವ ಮಾಲೀಕರು ಬಾಡಿಗೆಯೆಂಬ ವ್ಯವಹಾರವನ್ನು ಧರ್ಮದ ಆಚರಣೆಯಾಗಿ ಮಾಡಿಕೊಳ್ಳುತ್ತಾರೆ.