ಕಲ್ಲು ನೋಡಿ ಕೇಳುವ ಮಗುವಿಗೆ ಉತ್ತರವೇನು?

ಹೊನ್ನಾವರದಿಂದ ಶರಾವತೀ ನದಿಯನ್ನು ಹಿಡಿದು ಮೂಡಲಿಗೆ ಹೋದರೆ ಗೇರುಸೊಪ್ಪೆಯು ಸಿಕ್ಕುತ್ತದೆ. ಅಲ್ಲಿಯ ಕಾಡಿನಲ್ಲಿ ಚತುರ್ಮುಖ ಬಸದಿಯೆಂಬ ಕಲ್ಲಿನ ಜಿನಮಂದಿರವುಂಟು. ಅದಕ್ಕೆ ನಾಲ್ಕು ದಿಕ್ಕಿಗೂ ಬಾಗಿಲುಗಳು. ನಡುವೆ ಒಂದೊಂದು ಬಾಗಿಲಿಗೆ ಮುಖಮಾಡಿ ಕೂತ ತೀರ್ಥಂಕರರ ಮೂರ್ತಿಗಳು. ಜಿನನು ಉಪದೇಶಿಸುವಾಗ ನಾಲ್ಕು ಕಡೆಯವರಿಗೂ ಅವನ ಮುಖವು ಕಾಣುತ್ತಿತ್ತೆಂದು ಜೈನರು ನಂಬುತ್ತಾರೆ.

ತೀರ್ಥಂಕರನೆಂದರೆ ಹೊಳೆಗೆ ಹಾಯಗಡವನ್ನು ಮಾಡಿಕೊಟ್ಟವನು. ಅಂಥ 24 ಮಂದಿಯಲ್ಲಿ ಕಡೆಯವನಾದ ಮಹಾವೀರನು ಅರಸುಮನೆಯನ್ನು ಬಿಟ್ಟು ಹೊರಟನೆಂದು ಹೇಳುತ್ತಾರೆ. ಗೇರುಸೊಪ್ಪೆಯಾದರೋ ಮೆಣಸಿನ ವ್ಯಾಪಾರದಿಂದ ಸಿರಿಗೊಂಡ ಪಟ್ಟಣ. 16ನೇ ಶತಮಾನದಲ್ಲಿ ಅದನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಹಾಗಾದರೆ ಎಲ್ಲವನ್ನೂ ಬಿಟ್ಟ ಗುರುವಿಗೆ ಐಶ್ವರ್ಯವಂತರು ಕಲ್ಲಿನ ಮನೆ ಕಟ್ಟುವದು ಮರ್ಯಾದೆಯೋ, ಮರೆವೋ?

ಇದನ್ನು ಕೇಳಿ ನಗುವ ಅಧಿಕಾರವು ನಮಗಿಲ್ಲ. ಯಾಕಂದರೆ ಸ್ವಂತ ಮನೆಯಿಲ್ಲದ ಕರ್ತನಿಗೆ ನಾವೂ ದೊಡ್ಡ ದೇವಾಲಯಗಳನ್ನು ಕಟ್ಟಿದ್ದೇವೆ. ಪ್ರವಾದಿಗಳ ಸಮಾಧಿಗಳನ್ನು ಅಲಂಕರಿಸಿ ಅವರ ಮಾತನ್ನು ಬಿಟ್ಟವರನ್ನು ಆತನು ಗದರಿಸಿದನು. ಆದರೂ ಬೇಥಾನ್ಯದಲ್ಲಿ ಮರಿಯಳು ಬಹು ಬೆಲೆಯ ತೈಲವನ್ನು ಹೊಯ್ದಾಗ ಆಕೆಯನ್ನು ತಡೆಯಲಿಲ್ಲ. ಆದದರಿಂದ ದೋಷವು ವೆಚ್ಚದಲ್ಲಿಯೇ ಇಲ್ಲ.

ಯೆಹೋಶುವನು ಯೊರ್ದನ್ ಹೊಳೆಯಿಂದ 12 ಕಲ್ಲುಗಳನ್ನು ತರಿಸಿ ನಿಲ್ಲಿಸಿದ್ದು ಯಾತಕ್ಕೆ? ಮುಂದೆ ಮಕ್ಕಳು ಇವೇನೆಂದು ಕೇಳಿದರೆ ತಂದೆಗಳು ತಿಳಿಸಬೇಕೆಂದೇ. ಮಗು ಕೇಳುವಾಗ ಹೇಳುವವರು ಇರುವ ತನಕ ಕಲ್ಲು ಸಾಕ್ಷಿಯಾಗಿರುವದು. ಹೇಳುವವರಿಲ್ಲದಿದ್ದರೆ ಬರೀ ಕಲ್ಲೇ.

1623ರಲ್ಲಿ ಗೇರುಸೊಪ್ಪೆಗೆ ಬಂದ ಇತಾಲ್ಯ ದೇಶದ ಪಿಯೆತ್ರೊ ದೆಲ್ಲಾ ವಾಲ್ಲೆಯೆಂಬ ಪ್ರಯಾಣಿಕನು ಆ ಪಟ್ಟಣವು ಹಾಳಾಗಿ ಮರಗಳು ಬೆಳೆದದ್ದನ್ನು ಕಂಡು ಬರೆದನು. ಪೇಟೆಯು ಅಳಿಯಿತು, ಬಸದಿಯು ಉಳಿಯಿತು. ಈಗ ಅದರ ಕಲ್ಲುಗಳನ್ನು ಪುರಾತತ್ವ ಇಲಾಖೆಯವರು ಕಾಯುತ್ತಾರೆ. ಆದರೆ ಅಹಿಂಸೆಯನ್ನೂ ಅಪರಿಗ್ರಹವನ್ನೂ ಕಾಯುವದು ಇಲಾಖೆಯಿಂದಾಗದು. ಅದು ಅವುಗಳಂತೆ ನಡೆಯುವವರ ಕೆಲಸ.

ನಮ್ಮ ಸಭೆಗಳಲ್ಲಿಯೂ ಮೊದಲು ವಾಕ್ಯವನ್ನು ಬಿತ್ತಿದ ಹಿರಿಯರಿಗೆ ನೆನಪಿನ ಕಲ್ಲು ಹಾಕಬೇಕೆಂಬ ಮಾತು ಆಗಾಗ ಏಳುತ್ತದೆ. ಹಾಕೋಣ. ಆದರೆ ಜಗಳಗಳನ್ನು ತೀರಿಸುವದರಲ್ಲಿ ಆಯುಷ್ಯ ಕಳೆದ ಹಿರಿಯನ ಕಲ್ಲಿನ ಮೇಲೆ ಯಾವ ಮನೆಯವರ ಹೆಸರು ಮೊದಲು ಬರಬೇಕೆಂದು ಎರಡು ಮನೆಗಳು ಮಾತು ಬಿಟ್ಟರೆ, ಆ ಕಲ್ಲಿನ ವಿಷಯದಲ್ಲಿ ಮಕ್ಕಳಿಗೆ ಏನು ಹೇಳೋಣ?

ಕರ್ತನು ತನ್ನ ನೆನಪಿಗೆ ಕಲ್ಲನ್ನು ನೇಮಿಸಲಿಲ್ಲ. ರೊಟ್ಟಿಯನ್ನೂ ಪಾತ್ರೆಯನ್ನೂ ಕೊಟ್ಟನು. ಅದನ್ನು ಒಬ್ಬೊಬ್ಬನೇ ಮೂಲೆಯಲ್ಲಿ ಕೂತು ಆಚರಿಸಲಾಗದು. ಸಹೋದರನ ಬಗಲಲ್ಲಿ ಕೂತೇ ತೆಗೆದುಕೊಳ್ಳಬೇಕು. ಆದಕಾರಣ ಕಲ್ಲುಕುಟಿಗನನ್ನು ಕರೆಯುವದಕ್ಕಿಂತ ಮುಂಚೆ, ಮುನಿದ ನೆರೆಯವನನ್ನು ಕರೆಯೋಣ.